ಪಂಚಮಿಗೆ ಮಕ್ಕಳನ್ನ ದುಬೈಯಿಂದ ಧಾರವಾಡಕ್ಕೆ ಕರಕೊಂಡು ಬರೋದು

ಟಿಕೆಟ್ ತೆಗೆಸುವ ಮೊದಲು ಪಂಚಾಂಗ ನೋಡಿ. ದುಬೈಯಲ್ಲಿ ಮಕ್ಕಳಿಗೆ ದೊಡ್ಡ ಸೂಟಿ ಜುಲೈ-ಆಗಸ್ಟಿನಲ್ಲಿ. ನಾಗರ ಪಂಚಮಿಯೂ ಅದರೊಳಗೇ ಬರುತ್ತದೆ, ಆದರೆ ತಾರೀಖು ಒಂದೇ ಇರುವುದಿಲ್ಲ. 2025ರಲ್ಲಿ ಜುಲೈ 29ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಆಗಸ್ಟ್ 17ಕ್ಕೆ. ಹಬ್ಬಕ್ಕೆ ವಾರ ಮೊದಲೇ ಮನೆ ಮುಟ್ಟುವಂತೆ ಬನ್ನಿ, ಉಂಡಿ ಕಟ್ಟುವುದು ಆಗಲೇ.

ಗೋವಾ ಹತ್ತಿರ, ನಿಜ. ಆದರೂ ಮಳೆಗಾಲದಲ್ಲಿ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಘಟ್ಟ ಹತ್ತುವುದಕ್ಕಿಂತ ಬೆಂಗಳೂರಲ್ಲಿ ಇಳಿದು ವಂದೇ ಭಾರತ್ ಹಿಡಿಯುವುದು ಲೇಸು. ಹುಬ್ಬಳ್ಳಿ ಬಂದಾಗ ಮಕ್ಕಳನ್ನು ಕಿಟಕಿಗೆ ಕೂಡಿಸಿ: 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್.

ಬಂದ ಕೂಡಲೇ ಬಳಗದವರ ಮನೆ ಸುತ್ತಬೇಡಿ. ದಿನಕ್ಕೊಂದು ಮನೆ, ದಿನಕ್ಕೊಂದು ಹಾಸಿಗೆ ಆದರೆ ಮಕ್ಕಳಿಗೆ ಯಾವ ಮನೆಯೂ ತಮ್ಮದು ಅನಿಸುವುದಿಲ್ಲ. ಗದಗಿನ ಅತ್ತೆಗೆ ನಾನು ಫೋನ್ ಮಾಡಿ, "ಅತ್ತಿ, ಪಂಚಮಿಗೆ ತವರಿಗೆ ನೀವ ಬರ್ರಿ, ಕೂಡೇ ಉಂಡಿ ಕಟ್ಟೂಣು" ಅನ್ನುತ್ತೇನೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ಇದ್ದದ್ದೇ. ಹಾವೇರಿಗೆ, ಮಕ್ಕಳ ಅಜ್ಜನ ಮನೆಗೆ, ಹಬ್ಬ ಮುಗಿದ ಮೇಲೆ ನಾಲ್ಕಾರು ದಿನ ನಿಲ್ಲುವಂತೆಯೇ ಹೋಗುತ್ತೇವೆ.

ಇಲ್ಲಿಯ ಮಕ್ಕಳಿಗೆ ಆಗ ಶಾಲೆ ನಡೆದಿರುತ್ತದೆ, ಹಗಲು ಆಟಕ್ಕೆ ಜೊತೆಗಾರರು ಸಿಗುವುದಿಲ್ಲ. ಹೊರಗೆ ಜಿಟಿಜಿಟಿ ಮಳೆ. ಆ ಹೊತ್ತು ಮೊಬೈಲಿಗೆ ಹೋಗದಂತೆ ಕೆಲಸ ಕೊಡಿ: ಶೇಂಗಾ ಸಿಪ್ಪೆ ಉಜ್ಜಿ ಕೇರುವುದು, ಏಲಕ್ಕಿ ಕುಟ್ಟುವುದು, ಬೆಲ್ಲ ಹೆರೆಯುವುದು. "ಆಯಿ ಜೊತೆ ಕನ್ನಡ ಮಾತಾಡು" ಅಂತ ಅಜ್ಜಿಯ ಎದುರು ಕೂಡಿಸಿದರೆ ಮಗು ಬಾಯಿ ಬಿಡುವುದಿಲ್ಲ. ಅದೇ ಮಗು ಜೋಳದ ಅಳ್ಳು ಹುರಿಯುವಾಗ ಪಟಪಟ ಸಿಡಿದದ್ದನ್ನು ಹಿಡಿಯುತ್ತ, ತಾನಾಗಿ ಕೇಳತೊಡಗುತ್ತದೆ. ಉಂಡಿ ಸೊಟ್ಟ ಆಗಲಿ. ಮಗು ಕಟ್ಟಿದ್ದನ್ನೇ ಬಂದವರ ತಾಟಿಗೆ ಹಾಕಿ.

ಹಾಲೆರೆಯುವುದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಆಯಿಯ ಪಾಲು ಅಂತ ಒಬ್ಬೊಬ್ಬರ ಹೆಸರಿನಲ್ಲೂ ನಾಗಪ್ಪನಿಗೆ ಹಾಲು ಹಾಕುತ್ತೇವಲ್ಲ, ಅಲ್ಲಿ ದುಬೈಯಲ್ಲೇ ಉಳಿದ ಅಪ್ಪನ ಪಾಲನ್ನು ಮಕ್ಕಳ ಕೈಯಿಂದಲೇ ಹಾಕಿಸಿ. ವಾರಗಟ್ಟಲೆ ಅಪ್ಪ ಇಲ್ಲದ ಮನೆಯಲ್ಲಿ ಮಕ್ಕಳು ರಾತ್ರಿ ಹಟ ಹಿಡಿದು ಅಳುತ್ತಾರೆ. ಈ ಮನೆಯ ಲೆಕ್ಕದಲ್ಲಿ ಅಪ್ಪನೂ ಇದ್ದಾನೆ ಅಂತ ಅವರಿಗೆ ಗೊತ್ತಾಗಬೇಕು. ಇಲ್ಲಿ ಮುಂಜಾನೆ ಎಂಟಾದಾಗ ಅಲ್ಲಿ ಆರೂವರೆ, ಅವರು ಕೆಲಸಕ್ಕೆ ಹೊರಡುವ ಮೊದಲೇ ವಿಡಿಯೊದಲ್ಲಿ ತೋರಿಸಬಹುದು. ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಆಯಿಯ ಫೋನಿಗೆ ಬೋಟಿಮ್ ಆ್ಯಪ್ ಹಾಕಿಕೊಟ್ಟಿರಿ.

ಅಪ್ಪನಿಗೆ ಎರಡು ವಾರವೇ ರಜೆ ಸಿಕ್ಕರೆ ಕೊನೆಯ ಎರಡು ವಾರ ತೆಗೆದುಕೊಳ್ಳಲು ಹೇಳಿ. ಎಲ್ಲರೂ ಕೂಡಿ ಹೊರಟರೆ ಮಕ್ಕಳು ಅಜ್ಜನ ಕೈ ಬಿಡಿಸಿಕೊಳ್ಳುವಾಗ ಅಷ್ಟು ಕುಗ್ಗುವುದಿಲ್ಲ.

ಇನ್ನು ಬುತ್ತಿ. ಯುಎಇಗೆ ಗಸಗಸೆ ಒಯ್ಯುವುದು ಅಪರಾಧ, ತಿಂಡಿಯೊಳಗೆ ಬೆರೆತಿದ್ದರೂ ಒಯ್ಯಬೇಡಿ. ಅನಾರಸಿ, ಕರಚಿಕಾಯಿಗಳಲ್ಲಿ ಅದು ಇದ್ದೇ ಇರುತ್ತದೆ. ಬ್ಯಾಗ್ ಕಟ್ಟುವಾಗ ತೆಗೆದಿಟ್ಟರೆ ಅವ್ವನ ಮುಖ ಸಣ್ಣದಾಗುತ್ತದೆ. "ಅವ್ವಾ, ಈ ಸಲ ಗಸಗಸಿ ಬ್ಯಾಡ, ಎಳ್ಳು ಹಾಕು" ಅಂತ ಹಿಟ್ಟು ಕಲಸುವ ಮೊದಲೇ ಹೇಳಿಬಿಡಿ.