ಗ್ಯಾಸಿನ ಶಾಖದಲ್ಲಿ ಸುಗಂಧರಾಜದ ಗಡ್ಡೆ ಒಣಗಿಸಿದ್ದು: ನನ್ನ ಅನುಭವ

ನಮ್ಮ ಹೊಲ ಇರುವುದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ. ಕೆಂಪು ಮಣ್ಣು, ಬೋರ್‌ವೆಲ್ ನೀರು. ಸ್ವಲ್ಪ ಜಾಗದಲ್ಲಿ ಸುಗಂಧರಾಜ ಹಾಕುತ್ತೇವೆ. ಹೂವು ಹೈದರಾಬಾದಿನ ಗುಡಿಮಲ್ಕಾಪುರ ಮಾರ್ಕೆಟ್ಟಿಗೆ ಹೋಗುತ್ತದೆ. ಒಮ್ಮೆ ನೆಟ್ಟರೆ ಮೂರು ವರ್ಷ ಹೂವು ಸಿಗುತ್ತದೆ. ಆಮೇಲೆ ಕೀಳಲೇಬೇಕು, ಇಲ್ಲದಿದ್ದರೆ ಬುಡದಲ್ಲಿ ಗಡ್ಡೆಗಳು ಒತ್ತೊತ್ತಾಗಿ ಹೂವಿನ ಕಡ್ಡಿ ಸಣ್ಣದಾಗುತ್ತದೆ. ಕಿತ್ತ ಗಡ್ಡೆಯಲ್ಲಿ ನಮಗೆ ಬೇಕಾದಷ್ಟು ಬೀಜಕ್ಕೆ, ಉಳಿದದ್ದು ಮಾರಾಟಕ್ಕೆ.

ಬೇಸಿಗೆಯಲ್ಲಿ ಕಿತ್ತರೆ ಒಣಗಿಸುವುದು ದೊಡ್ಡ ಕೆಲಸವೇ ಅಲ್ಲ. ನೆರಳಲ್ಲಿ ಹರವಿದರೆ ಸಾಕು, ನಮ್ಮ ಕಡೆಯ ಬಿಸಿ ಗಾಳಿಯೇ ಒಣಗಿಸಿ ಕೊಡುತ್ತದೆ. ಆದರೆ ಅದೇ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಬೇಕು ಅಂದರೆ ಅಕ್ಟೋಬರ್‌ನಲ್ಲೇ ಜಾಗ ಖಾಲಿ ಆಗಬೇಕು. ಆಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯಿತು ಅಂದರೆ ಮುಗಿಯಿತು, ದಿನಗಟ್ಟಲೆ ಮೋಡ, ಜಿಟಿಜಿಟಿ. 2020ರ ಅಕ್ಟೋಬರ್ ಮಳೆ ನೆನಪಿದೆ ಅಲ್ವಾ? ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಊರು ನೀರಲ್ಲಿ ನಿಂತಿದ್ದವು. ಆ ಸಲ ನಮ್ಮ ಪಡಸಾಲೆಯಲ್ಲಿ ಹರವಿದ್ದ ಗಡ್ಡೆಗೆಲ್ಲ ಬೂಷ್ಟು ಹಿಡಿಯಿತು. ಗ್ಯಾಸಿನ ವಿಚಾರ ತಲೆಗೆ ಬಂದದ್ದು ಆಮೇಲೆ.

ಪಕ್ಕದೂರಿನಲ್ಲಿ ನಮ್ಮ ಕಾಕಾ ಕೋಳಿ ಫಾರಂ ನಡೆಸುತ್ತಾರೆ. ಮರಿಗಳಿಗೆ ಕಾವು ಕೊಡಲು ಅವರಲ್ಲಿ ಗ್ಯಾಸ್ ಬ್ರೂಡರ್ ಇದೆ. ‘ಇದನ್ನೇ ಒಯ್ದು ಗಡ್ಡಿ ಕೋಣ್ಯಾಗ ಹಚ್ಚು, ಎರಡ ದಿನದಾಗ ಒಣಗತಾವ’ ಅಂದರು. ಬ್ರೂಡರ್ ತರಲಿಲ್ಲ, ಆದರೆ ಗ್ಯಾಸ್ ಅನ್ನುವ ಮಾತನ್ನು ಹಿಡಿದುಕೊಂಡೆ. ಕೋಣೆಯೊಳಗೆ ಬೆಂಕಿ ಹಚ್ಚುವುದು ಬೇಡ ಅನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಒಂದು ಕೆ.ಜಿ. ಗ್ಯಾಸ್ ಉರಿದರೆ ಸುಮಾರು 1.6 ಕೆ.ಜಿ. ನೀರಿನ ಆವಿ ಹುಟ್ಟುತ್ತದೆ. ಗಡ್ಡೆಯ ನೀರು ತೆಗೆಯಲು ಹೋಗಿ ಅದೇ ಕೋಣೆಗೆ ನೀರು ಹಾಕಿದ ಹಾಗೆ. ಉರಿ ಸರಿಯಾಗಿಲ್ಲದೆ ಹಳದಿ ಆದರೆ ಎಥಿಲೀನ್ ಕೂಡ ಬರುತ್ತದೆ, ಬಾಳೆಕಾಯಿ ಹಣ್ಣು ಮಾಡುವ ಅನಿಲ ಅದೇ. ಹಾಲೆಂಡಿನ ಟುಲಿಪ್ ಬೆಳೆಗಾರರು ಕ್ರೇಟಿನಲ್ಲಿ ಗಡ್ಡೆ ಜೋಡಿಸಿ ಬಿಸಿ ಗಾಳಿ ಹಾಯಿಸುತ್ತಾರೆ. ಅವರು ಗೋದಾಮಿನಲ್ಲಿ ಹೆಚ್ಚು ಹೆದರುವುದು ಈ ಎಥಿಲೀನಿಗೆ. ಕೊಳೆತ ಗಡ್ಡೆಯಿಂದಲೂ ಅದು ಹೊರಡುತ್ತದೆ, ಅದರಿಂದ ಒಳಗಿನ ಮೊಗ್ಗು ಸತ್ತು ಹೋಗುತ್ತದೆ. ಇನ್ನು ಕಾರ್ಬನ್ ಮೊನಾಕ್ಸೈಡ್ ಮಾತು ಬೇರೆ. ಅದು ಮನುಷ್ಯರನ್ನೇ ಕೊಲ್ಲುತ್ತದೆ.

ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಡ್ರಮ್ ಮಾಡಿಸಿದೆ. ಡ್ರಮ್ಮಿನೊಳಗೆ ಬರ್ನರ್, ಹೊಗೆ ಕೊಳವೆಯಲ್ಲಿ ಮೇಲಕ್ಕೆ ಹೊರಗೆ. ಡ್ರಮ್ಮಿನ ಸುತ್ತ ಇನ್ನೊಂದು ತಗಡಿನ ಹೊದಿಕೆ. ಎರಡರ ನಡುವಿನ ಸಂದಿಯಲ್ಲಿ ಬ್ಲೋವರ್ ಗಾಳಿ ನೂಕುತ್ತದೆ. ಗಾಳಿ ಬಿಸಿ ತಗಡನ್ನು ಸವರಿಕೊಂಡು ಕೋಣೆಗೆ ಹೋಗುತ್ತದೆ, ಹೊಗೆ ಮಾತ್ರ ಅದರ ಜೊತೆ ಸೇರುವುದಿಲ್ಲ. ಇಡೀ ಸಾಮಾನು ಕೋಣೆಯ ಹೊರಗೆ, ತಗಡಿನ ಚಪ್ಪರದ ಕೆಳಗೆ. ಕರೆಂಟ್ ಹೋಗಿ ಬ್ಲೋವರ್ ನಿಂತರೆ ಗ್ಯಾಸೂ ನಿಲ್ಲಬೇಕು. ಅದಕ್ಕೆ ಬ್ಲೋವರ್ ಲೈನಿಗೇ ಒಂದು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್ ಇದ್ದಾಗ ಮಾತ್ರ ಗ್ಯಾಸ್ ಬಿಡುವ ವಾಲ್ವ್, ಜೋಡಿಸಿದ್ದೇನೆ. ಕರೆಂಟ್ ಬಂದ ಮೇಲೆ ಬರ್ನರ್ ತಾನೇ ಹತ್ತಿಕೊಳ್ಳುವುದಿಲ್ಲ, ವಾಲ್ವ್ ತಾನೇ ತೆರೆದುಕೊಂಡರೆ ಬರಿ ಗ್ಯಾಸ್ ಹೊರಗೆ ಬರುತ್ತದೆ. ಅದಕ್ಕೇ ಒಮ್ಮೆ ಬಿದ್ದ ವಾಲ್ವನ್ನು ಕೈಯಿಂದಲೇ ಮತ್ತೆ ಎತ್ತಬೇಕು, ಹಾಗೆ ಹೇಳಿಯೇ ಮಾಡಿಸಿದೆ. ನಮ್ಮ ಕಡೆ ಕರೆಂಟ್ ಹೇಗೆ ಹೋಗಿ ಬರುತ್ತದೆ ಅಂತ ಗೊತ್ತಿರುವವರು ಇದನ್ನು ಬಿಡಬಾರದು.

ಕೋಣೆಯೊಳಗೆ ನೆಲದಿಂದ ಒಂದಡಿ ಎತ್ತರದಲ್ಲಿ ಬಿದಿರಿನ ತಟ್ಟಿ. ಬಿಸಿ ಗಾಳಿ ಅದರ ಕೆಳಗೆ ಬಂದು ಮೇಲಕ್ಕೆ ಏಳುತ್ತದೆ. ತಟ್ಟಿಯ ಮೇಲೆ ಟೊಮ್ಯಾಟೊ ಕ್ರೇಟುಗಳು, ಒಂದೊಂದರಲ್ಲಿ ಗಡ್ಡೆ ಅರ್ಧ ಅಡಿಗಿಂತ ಕಡಿಮೆ. ಮೇಲೆ ಎಕ್ಸಾಸ್ಟ್ ಫ್ಯಾನ್. ಈ ಫ್ಯಾನ್ ಇಲ್ಲದಿದ್ದರೆ ಸುಮ್ನೆ ಗ್ಯಾಸ್ ಉರಿಸಿದ ಹಾಗೆ. ಶಾಖ ನೀರನ್ನು ಗಡ್ಡೆಯಿಂದ ಬಿಡಿಸುತ್ತದೆ ಅಷ್ಟೇ, ಹೊರಗೆ ಒಯ್ಯುವುದು ಗಾಳಿ. ಹೊರಗಿನ ಗಾಳಿ 22 ಡಿಗ್ರಿ ಇದ್ದು ತೇವ ಶೇಕಡಾ 85ರಷ್ಟಿದ್ದರೆ, ಅದನ್ನೇ 32 ಡಿಗ್ರಿಗೆ ಏರಿಸಿದಾಗ ತೇವ 50ರ ಕೆಳಗೆ ಬರುತ್ತದೆ. ಬರೀ ಹತ್ತು ಡಿಗ್ರಿಗೆ ಇಷ್ಟು ವ್ಯತ್ಯಾಸ! ಇದನ್ನು ತಿಳಿದ ಮೇಲೆ ಜಾಸ್ತಿ ಬಿಸಿ ಮಾಡುವ ಆಸೆಯೇ ಬರುವುದಿಲ್ಲ.

ನಾನು 30ರ ಆಸುಪಾಸಿನಲ್ಲೇ ಇಡುತ್ತೇನೆ, 35 ದಾಟಿಸುವುದಿಲ್ಲ. ಅರಿಶಿನ ಆದರೆ ಕುದಿಸಿಯೇ ಒಣಗಿಸುತ್ತೇವೆ, ಏನೂ ಆಗಲ್ಲ. ಇದು ಬೀಜ. ಒಳಗೆ ಜೀವ ಇದೆ.

ಗಡ್ಡೆ ಕಿತ್ತ ಕೂಡಲೇ ಮಣ್ಣು ಕೊಡವಿ, ಎಲೆ ಕತ್ತರಿಸಿ, ಗಾಯವಾದದ್ದು, ಮೆತ್ತಗಾದದ್ದು ಬೇರೆ ತೆಗೆಯುತ್ತೇವೆ. ಇದು ಮನೆಯ ಹೆಂಗಸರು ಕೂತು ಮಾಡುವ ಕೆಲಸ, ಅವರ ಕೈಗೆ ಕೊಳೆತ ಗಡ್ಡೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಅರ್ಧ ದಿನ ಗ್ಯಾಸ್ ಹಚ್ಚುವುದೇ ಇಲ್ಲ, ಬರೀ ಬ್ಲೋವರ್. ಮೇಲಿನ ಹಸಿ ಹೋದ ಮೇಲೆ ಶಾಖ. ದಿನಕ್ಕೊಮ್ಮೆ ಕೆಳಗಿನ ಕ್ರೇಟ್ ಮೇಲೆ, ಮೇಲಿನದು ಕೆಳಗೆ.

ಯಾವಾಗ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನ ದಾರಿ ಇದು. ಒಂದು ಕ್ರೇಟಿಗೆ ಗುರುತು ಹಾಕಿ ಬೆಳಿಗ್ಗೆ ಸಂಜೆ ತೂಕ ಮಾಡುತ್ತೇನೆ. ಮೊದಮೊದಲು ತೂಕ ಬೇಗ ಇಳಿಯುತ್ತದೆ. ಇಳಿಯುವುದು ನಿಧಾನವಾಯಿತು ಅಂದರೆ ಗ್ಯಾಸ್ ಬಂದ್, ಆಮೇಲೆ ಬರೀ ಗಾಳಿ. ಕೈಗೂ ಗೊತ್ತಾಗುತ್ತದೆ. ಒಂದು ಹಿಡಿ ಗಡ್ಡೆ ಎರಡು ಅಂಗೈ ನಡುವೆ ಉಜ್ಜಿದರೆ ಸಿಪ್ಪೆ ಸರಸರ ಅನ್ನಬೇಕು. ಬುಡದ ಬೇರು ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಕುತ್ತಿಗೆ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ನೀರು ಜಿನುಗಬಾರದು.

ಖರ್ಚಿನ ಮಾತು. 100 ಕೆ.ಜಿ. ನೀರು ಆವಿ ಮಾಡಲು ಲೆಕ್ಕದ ಪ್ರಕಾರ 5 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಗ್ಯಾಸ್ ಸಾಕು. ಆದರೆ ಇಂಥ ಡ್ರಮ್ಮಿನಲ್ಲಿ ಅರ್ಧ ಶಾಖ ದಾರಿಯಲ್ಲೇ ಹೋಗುತ್ತದೆ, ಎರಡರಷ್ಟು ಹಿಡಿದುಕೊಳ್ಳಿ. 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರೇ ಬಳಸಬೇಕು. ಅಡುಗೆ ಮನೆಯ ಸಿಲಿಂಡರ್ ಇದಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧ. ರಾತ್ರಿಯಿಡೀ ಜೋರಾಗಿ ಉರಿಸಿದರೆ ಸಿಲಿಂಡರ್ ತಣ್ಣಗಾಗಿ ಹೊರಗೆ ಬೆವರುತ್ತದೆ, ಒತ್ತಡ ಇಳಿದು ಉರಿ ಸಣ್ಣದಾಗುತ್ತದೆ. ಎರಡು ಸಿಲಿಂಡರ್ ಒಟ್ಟಿಗೆ ಜೋಡಿಸಿದರೆ ಆ ತೊಂದರೆ ಇಲ್ಲ. ಸಿಲಿಂಡರಿಗೆ ಬೆಂಕಿ ಕಾವು ತೋರಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಅದಕ್ಕೆ ಸಿಲಿಂಡರ್ ಬಯಲಲ್ಲಿ ನೆಟ್ಟಗೆ ಇರಲಿ, ಹತ್ತಿರ ತಗ್ಗು, ಚರಂಡಿ ಬೇಡ. ಪ್ರತಿ ಸಲ ಹಚ್ಚುವ ಮುಂಚೆ ಪೈಪಿನ ಜೋಡಣೆಗೆ ಸೋಪಿನ ನೊರೆ ಸವರಿ ನೋಡಿ. ರಾತ್ರಿ ಕಾಯುವವರು ಕೋಣೆಯೊಳಗೆ ಮಲಗುವುದು ಬೇಡವೇ ಬೇಡ.

ಒಣಗಿದ ಹಿಂಡನ್ನು ಕೈಯಿಂದಲೇ ಬಿಡಿಸಬಹುದು. ಒಂದೂವರೆಯಿಂದ ಮೂರು ಸೆಂಟಿಮೀಟರ್ ದಪ್ಪದ್ದು ಬೀಜಕ್ಕೆ, ಸಣ್ಣವನ್ನು ಬೇರೆ ಮಡಿಯಲ್ಲಿ ಬೆಳೆಸಲಿಕ್ಕೆ. ಆಮೇಲೆ ಒಂದು ತಿಂಗಳಾದರೂ ನೆರಳಲ್ಲಿ, ಗಾಳಿ ಆಡುವ ಕಡೆ ಇಟ್ಟು, ನಾಲ್ಕೈದು ದಿನಕ್ಕೊಮ್ಮೆ ಕೈಯಾಡಿಸುತ್ತಿರಬೇಕು. ಅಷ್ಟು ಹೊತ್ತಿಗೆ ನಮ್ಮಲ್ಲಿ ಚಳಿ ಬಿದ್ದು ಗಾಳಿ ಒಣಗಿರುತ್ತದೆ. ಡ್ರಮ್ ಬಿಚ್ಚಿ ಒಳಗಿಟ್ಟರೆ ಮತ್ತೆ ಬೇಕಾಗುವುದು ಮುಂದಿನ ಮಳೆಗಾಲದ ಕೊನೆಗೇ.