ಗುಳಿಗೆ ಇಡದೆ ತೊಗರಿ ಕಾಯ್ದ ಬಗೆ

ಗಾಳಿಯಾಡದ ಚೀಲದಲ್ಲಿ ತೊಗರಿ ಕಟ್ಟಿಟ್ಟರೆ ಬೆವರಿ ಮುಗ್ಗುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳಿದ್ದರು. ರಾಯಚೂರು ಜಿಲ್ಲೆಯ ಮಸ್ಕಿ ಭಾಗದ ನಮ್ಮ ಎರೆ ಹೊಲದ ನಲವತ್ತು ಕ್ವಿಂಟಲ್‌ನಷ್ಟು ಟಿಎಸ್-3ಆರ್ ತಳಿಯ ತೊಗರಿ ಅಂಥದೇ ಚೀಲದಲ್ಲಿ, ನುಸಿ ಕೊಲ್ಲುವ ಒಂದೂ ವಿಷದ ಗುಳಿಗೆಯಿಲ್ಲದೆ, ಮೂರನೆಯ ವರ್ಷವೂ ಮಳೆಗಾಲವನ್ನು ದಾಟಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಒಂದು ವರ್ಷ ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದೆ. ಪಕ್ಕದಲ್ಲಿದ್ದ ಯಾರದೋ ಹಳೆಯ ಕಡಲೆಯಿಂದ ನುಸಿ ಹಬ್ಬಿ, ಕ್ವಿಂಟಲ್‌ಗೆ ಏಳೆಂಟು ಕಿಲೋ ತೂಕ ಹೋಯಿತು. ಬಾಡಿಗೆ, ಸಾಗಣೆ, ಹಮಾಲಿ ಎಲ್ಲ ಕೊಟ್ಟ ಮೇಲೂ ರಾಯಚೂರಿನಲ್ಲಿ ತೂತು ಕಾಳೆಂದು ಆರುನೂರು ರೂಪಾಯಿ ಕಡಿಮೆಗೆ ಕೇಳಿದರು.

ಆಮೇಲೆ ನಾನು ತಂದ ಈ ಗಾಳಿಯಾಡದ ಚೀಲವನ್ನು (ಪಿಕ್ಸ್ ಚೀಲ) ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಗೆ ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದೆ ಕಾಯುವುದಕ್ಕೆಂದು ರೂಪಿಸತೊಡಗಿದರು. ಒಳಗೆ ಎರಡು ದಪ್ಪ ಪಾಲಿಥೀನ್ ಪದರ, ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ. ಹೊಲದಿಂದಲೇ ಕಾಳಿನೊಳಗೆ ಸೇರಿ ಬಂದ ನುಸಿ ಇದ್ದ ಆಮ್ಲಜನಕವನ್ನು ತಾನೇ ಉಸಿರಾಡಿ ಮುಗಿಸಿ ಸಾಯುತ್ತದೆ. ನಮ್ಮ ಹಿರಿಯರು ಕಾಳು ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಗುಂಡಿ, ಹಗೇವಿನ ಗುಟ್ಟೂ ಇದೇ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಇದನ್ನು ನೆನಪಿಸಿದ ಮೇಲೆಯೇ ನಮ್ಮ ದೊಡ್ಡಪ್ಪ ತಮ್ಮ ಪಾಲಿನ ಎರಡು ಚೀಲ ತುಂಬಲು ಒಪ್ಪಿದರು.

ಬೆವರುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ಚೀಲದೊಳಗೆ ಹೋದ ತೇವಕ್ಕೆ ಹೊರಬರುವ ದಾರಿಯೇ ಇರುವುದಿಲ್ಲ. ತಾಡಪತ್ರಿಯ ಮೇಲೆ ಮೂರ್ನಾಲ್ಕು ಬಿಸಿಲು ಕೊಟ್ಟು, ತೇವಾಂಶ ಶೇ 10ರ ಒಳಗೆ ಇಳಿದ ಮೇಲೆ, ರಾತ್ರಿಯಿಡೀ ಕಾಳು ಆರಲು ಬಿಟ್ಟು ಮುಂಜಾನೆ ತುಂಬುತ್ತೇನೆ. ಸಂಜೆಯೇ ಬಿಸಿ ಕಾಳು ತುಂಬಿದ ನೆರೆಯವರ ಚೀಲದ ಒಳಪದರಕ್ಕೆ ನೀರಹನಿ ಕೂತಿದ್ದನ್ನು ಕಂಡಿದ್ದೇನೆ. ಪ್ರತಿ ಪದರದ ಬಾಯನ್ನೂ ಗಾಳಿ ಹಿಂಡಿ, ತಿರುಚಿ, ಮಡಚಿ, ಬೇರೆ ಬೇರೆಯಾಗಿ ಕಟ್ಟಬೇಕು. ಕಟ್ಟಲು ನಾನು ಸುತಳಿ ಬಳಸುವುದಿಲ್ಲ. ಏನು ಬಳಸುತ್ತೇನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೆಟ್ಟ ಚೀಲಗಳೆಲ್ಲ ಕೆಟ್ಟದ್ದು ತೂತಿನಿಂದ. ಮೊದಲ ವರ್ಷ ಐದಾರು ಚೀಲಗಳಿಗೆ ಹಮಾಲರ ಕೊಕ್ಕೆ ತಾಗಿತ್ತು, ಒಂದೆರಡನ್ನು ರೂಢಿಯಂತೆ ದಬ್ಬಣ ಹಾಕಿ ಹೊಲಿದಿದ್ದರು, ಇನ್ನು ಕೆಲವನ್ನು ಕಾಳಿನ ಜೊತೆ ಉಳಿದ ತೊಗರಿ ಕಟ್ಟಿಗೆಯ ಚೂರೇ ಒಳಗಿನಿಂದ ಚುಚ್ಚಿತ್ತು. ಬಟಾಣಿಯಷ್ಟು ತೂತಿದ್ದ ಚೀಲವನ್ನು ಆಗಸ್ಟ್‌ನಲ್ಲಿ ಬಿಚ್ಚಿದರೆ ತೂತಿನ ಸುತ್ತ ಹಿಟ್ಟು, ಅದರೊಳಗೆ ಓಡಾಡುವ ಕಂದು ನುಸಿ. ಈಗ ಎರಡು ಸಲ ಜರಡಿ ಹಿಡಿಯುತ್ತೇವೆ. ಇಲಿಗೆ ಮಾಡಿದ ಉಪಾಯವನ್ನು ಮನೆಗೆ ಬಂದವರಿಗೆ ತೋರಿಸಬಲ್ಲೆ, ಬರೆಯಲಾರೆ.

ಬಿಳಿ ಜೋಳವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ, ಒಳಗಿನ ಆಮ್ಲಜನಕ ಉರಿದು ಮುಗಿಯಲೆಂದು ಮೇಲೆ ಮೇಣದಬತ್ತಿ ಹಚ್ಚಿಟ್ಟು ಮುಚ್ಚಿಯೂ ನೋಡಿದೆ. ಆದರೆ ಆಮ್ಲಜನಕ ಇನ್ನೂ ಸಾಕಷ್ಟು ಉಳಿದಿರುವಾಗಲೇ ಬತ್ತಿ ಆರುತ್ತದೆ. ಸಾಲದ್ದಕ್ಕೆ ಮುಚ್ಚಳದ ಸಂದಿಯಲ್ಲಿ ಗಾಳಿಯಾಡಿ ಜೋಳಕ್ಕೆ ನುಸಿ ಬಿತ್ತು. ಬಿತ್ತನೆಗೆಂದು ಚೀಲದಲ್ಲಿಟ್ಟ ಕಡಲೆ ಮಾತ್ರ ಒದ್ದೆ ಬಟ್ಟೆಯಲ್ಲಿ ಇಪ್ಪತ್ತಕ್ಕೆ ಹದಿನೇಳು ಹದಿನೆಂಟು ಮೊಳೆಯಿತು.

ಐವತ್ತು ಕಿಲೋ ಹಿಡಿಯುವ ಚೀಲಕ್ಕೆ ನೂರು ರೂಪಾಯಿಯ ಆಸುಪಾಸು ಬಿದ್ದಿತು. ತೂತಾಗದಿದ್ದರೆ ಮೂರು ಹಂಗಾಮಿಗೆ ಬರುತ್ತದೆ. 2024ರ ಆರಂಭದಲ್ಲಿ ಕ್ವಿಂಟಲ್‌ಗೆ ಒಂಬತ್ತೂವರೆ ಸಾವಿರವಿದ್ದ ದರ ಮುಂಗಾರಿನ ಹೊತ್ತಿಗೆ ಹನ್ನೊಂದೂವರೆ ಸಾವಿರದ ಮೇಲೆ ಹೋಗಿ, ಕಾದದ್ದಕ್ಕೆ ಖರ್ಚು ಕಳೆದು ಎಪ್ಪತ್ತು ಸಾವಿರದಷ್ಟು ಹೆಚ್ಚೇ ಸಿಕ್ಕಿತು. ಮರುವರ್ಷ ದರ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ, ಒಂದು ಕಾಳೂ ಕೆಡದೆ ನಷ್ಟ ಅನುಭವಿಸಿದೆ. ಹಾಗಾಗಿ ಈಗ ಅರ್ಧ ಮಾಲನ್ನು ರಾಶಿಯಾದ ಕೂಡಲೇ ಮಾರಿ, ಇನ್ನರ್ಧವನ್ನಷ್ಟೇ ಕಟ್ಟುತ್ತೇನೆ. ಕೊಕ್ಕೆ ಹಾಕದೆ ಹೆಗಲ ಮೇಲೆ ಹೊತ್ತು ಇಳಿಸುವ ಹಮಾಲರಿಗೆ ಚೀಲಕ್ಕೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ.