ಹಳೇ ಪಿಎಫ್ ತೆಗೀಬೇಡಿ, ಹೊಸದಕ್ಕೆ ದಾಟ್ಸಿ: ಟ್ಯಾಕ್ಸ್ ಎಲ್ಲಿ ಬೀಳ್ತದೆ, ಎಲ್ಲಿ ಬೀಳಲ್ಲ

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿಂದ ಫೋನ್ ಮಾಡಿದ್ದ, "ಮಾವ, ಮಾಚೇನಹಳ್ಳಿ ಫ್ಯಾಕ್ಟರಿಲಿ ಇದ್ದಾಗಿನ ಪಿಎಫ್ ಹಾಗೇ ಬಿದ್ದಿದೆ, ತೆಗ್ಸಿ ಬೈಕ್ ತಗೊಳ್ಲಾ" ಅಂತ. ಎಷ್ಟಿದೆ ಅಂದೆ, 72 ಸಾವಿರ ಅಂದ. ಎಷ್ಟು ವರ್ಷ ಕೆಲ್ಸ ಮಾಡಿದ್ದೆ ಅಂದೆ, ಎರಡು ವರ್ಷ ನಾಲ್ಕು ತಿಂಗಳು ಅಂದ. ಹಾಗಾದ್ರೆ ಮುಟ್ಬೇಡ ಅಂದೆ. ಯಾಕೆ ಅಂತ ಫೋನಲ್ಲಿ ಹೇಳೋಕೆ ಅರ್ಧ ಗಂಟೆ ಹಿಡೀತು, ನಮ್ಮ ಕಡೆ ಹುಡುಗರು ತುಂಬ ಜನ ಇದೇ ತಪ್ಪು ಮಾಡ್ತಾರೆ ಅಂತ ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಅಸಲು ವಿಷ್ಯ. ಪಿಎಫ್ ದುಡ್ಡು ನಿಮ್ಮ ಬ್ಯಾಂಕಿಗೆ ಬಂದ್ರೆ ಅದು ವಿತ್‌ಡ್ರಾವಲ್, ಹಳೇ ಕಂಪನಿ ಖಾತೆಯಿಂದ ಹೊಸ ಕಂಪನಿ ಖಾತೆಗೆ ಹೋದ್ರೆ ಟ್ರಾನ್ಸ್‌ಫರ್. ಟ್ರಾನ್ಸ್‌ಫರ್ ಮಾಡಿದ್ರೆ ಆ ವರ್ಷದ ಆದಾಯಕ್ಕೆ ಒಂದ್ರೂಪಾಯಿನೂ ಸೇರಲ್ಲ, ಟಿಡಿಎಸ್ಸೂ (ದುಡ್ಡು ಕೊಡೋ ಮೊದ್ಲೇ ಹಿಡ್ಕೊಳ್ಳೋ ಟ್ಯಾಕ್ಸ್) ಇಲ್ಲ. ವಿತ್‌ಡ್ರಾ ಮಾಡೋರಿಗೆ ಐದು ವರ್ಷದ ಲೆಕ್ಕ ಬರ್ತದೆ, ಐದು ವರ್ಷ ಸರ್ವಿಸ್ ತುಂಬಿದ್ರೆ ಪೂರ್ತಿ ಟ್ಯಾಕ್ಸ್ ಫ್ರೀ, ತುಂಬದಿದ್ರೆ ಟ್ಯಾಕ್ಸ್. ಜನ ತಪ್ಪೋದು ಎಲ್ಲಿ ಅಂದ್ರೆ, ಈ ಐದು ವರ್ಷ ಒಂದೇ ಕಂಪನಿದು ಆಗ್ಬೇಕು ಅಂದ್ಕೋತಾರೆ. ಹಾಗೇನಿಲ್ಲ. ಹಳೇ ದುಡ್ಡು ಹೊಸ ಖಾತೆಗೆ ದಾಟಿದ್ರೆ ಹಳೇ ಸರ್ವಿಸೂ ಲೆಕ್ಕಕ್ಕೆ ಸೇರ್ತದೆ. ನಮ್ಮ ಹುಡುಗಂದೇ ತಗೊಳ್ಳಿ, ಇಲ್ಲಿ ಎರಡು ವರ್ಷ ನಾಲ್ಕು ತಿಂಗಳು, ಬೆಂಗಳೂರಲ್ಲಿ ಮೂರು ವರ್ಷ ಮಾಡಿದ್ರೆ ಒಟ್ಟು ಐದು ವರ್ಷ ನಾಲ್ಕು ತಿಂಗಳು, ಪಾರಾದ. ಎರಡನ್ನೂ ಬೇರೆ ಬೇರೆ ಇಟ್ಟು ಬೇರೆ ಬೇರೆ ತೆಗೆದ್ರೆ ಎರಡಕ್ಕೂ ಟ್ಯಾಕ್ಸ್.

ಈಗ ಆ 72 ಸಾವಿರ ಬಿಚ್ಚಿ ನೋಡಣ. ಬೇಸಿಕ್ 15 ಸಾವಿರ ಇತ್ತು, ತಿಂಗಳಿಗೆ ಇವನದು 1,800 ಕಟ್ಟಾಗ್ತಿತ್ತು, ಕಂಪನಿನೂ ಅಷ್ಟೇ ಹಾಕ್ತಿತ್ತು, ಆದ್ರೆ ಅದ್ರಲ್ಲಿ 1,250 ಪೆನ್ಷನ್ ಸ್ಕೀಮಿಗೆ ಹೋಗಿ 550 ಮಾತ್ರ ಪಿಎಫಿಗೆ ಬರ್ತಿತ್ತು. 28 ತಿಂಗಳಿಗೆ ಇವನ ಪಾಲು 50,400, ಕಂಪನಿದು 15,400, ಬಡ್ಡಿ ಸುಮಾರು 6,200, ಅದ್ರಲ್ಲಿ 4,800 ಇವನ ಪಾಲಿನ ಮೇಲಿಂದು, 1,400 ಕಂಪನಿ ಪಾಲಿಂದು. ಈಗ ತೆಗೆದ್ರೆ ಕಂಪನಿ ಪಾಲು ಮತ್ತೆ ಅದರ ಬಡ್ಡಿ ಸೇರಿ 16,800 ಸಂಬಳ ಅಂತ ಟ್ಯಾಕ್ಸಿಗೆ ಬರ್ತದೆ, ಇವನ ಪಾಲಿನ ಬಡ್ಡಿ 4,800 ಇತರೆ ಆದಾಯ ಅಂತ ಬರ್ತದೆ. ಇವನೇ ಕಟ್ಟಿದ 50,400 ಬರಲ್ಲ, ಆದ್ರೆ ಹಳೇ ರಿಜೀಮಲ್ಲಿ (ಹಳೇ ಟ್ಯಾಕ್ಸ್ ಪದ್ಧತಿ) ಅದಕ್ಕೆ 80ಸಿ, ಅಂದ್ರೆ ಉಳಿತಾಯದ ವಿನಾಯಿತಿ ತಗೊಂಡಿದ್ರೆ ಆ ವಿನಾಯಿತಿ ವಾಪಸ್ ಹೋಗ್ತದೆ. ಹೊಸ ರಿಜೀಮಲ್ಲೇ ಇದ್ದೋರಿಗೆ ಈ ತಲೆಬಿಸಿ ಇಲ್ಲ. ಅಂದ್ರೆ ನಿಜವಾಗಿ ಟ್ಯಾಕ್ಸ್ ಬೀಳೋದು 21,600ಕ್ಕೆ. ಆದ್ರೆ ಪಿಎಫ್ ಆಫೀಸೋರು ಟಿಡಿಎಸ್ ಹಿಡಿಯೋದು ಪೂರ್ತಿ 72 ಸಾವಿರದ ಮೇಲೆ, 50 ಸಾವಿರ ಮುಟ್ಟಿದ್ರೆ 10%, ಅಂದ್ರೆ 7,200. ಪ್ಯಾನ್ ಕೊಟ್ಟಿಲ್ದಿದ್ರೆ 20%, 14,400. ಟಿಡಿಎಸ್ಸೇ ಟ್ಯಾಕ್ಸ್ ಅಂತ ತಿಳ್ಕೊಂಡು ಸುಮ್ನೆ ಕೂತ್ಕೋಬೇಡಿ, ರಿಟರ್ನ್ ಹಾಕಿದ್ರೆ ಹೆಚ್ಚಿಗೆ ಹಿಡಿದಿದ್ದು ವಾಪಸ್ ಬರ್ತದೆ, ಕಮ್ಮಿ ಬಿದ್ರೆ ಕಟ್ಬೇಕು.

ಪ್ಯಾನ್ ವಿಷ್ಯ ನಾನು ಅನುಭವಿಸಿ ಹೇಳೋದು. 2017ರಲ್ಲಿ ಕೆಲ್ಸ ಬಿಟ್ಟು ಊರಿಗೆ ಬಂದಾಗ, ಆ ವರ್ಷ ಅಡಿಕೆಗೆ ಕೊಳೆ ರೋಗ ಬೇರೆ ಜಾಸ್ತಿ, ಬೋರ್ಡೋ ಔಷಧಿ ಹೊಡ್ಸೋಕೆ ದುಡ್ಡಿಲ್ಲ ಅಂತ ಪಿಎಫ್ ತೆಗೆದೆ, ನಾಲ್ಕು ವರ್ಷದ ಸರ್ವಿಸ್. ಕಂಪನಿಯೋರು ನನ್ನ ಪ್ಯಾನ್ ಸೇರಿಸೇ ಇರ್ಲಿಲ್ಲ, ನಾನೂ ನೋಡಿರ್ಲಿಲ್ಲ. ಆಗಿನ ರೇಟು 34.608%, ಮೂರನೇ ಒಂದು ಪಾಲು ಹೋಯ್ತು. ಪ್ಯಾನ್ ಇಲ್ದೆ ಕಟ್ಟಾಗಿದ್ದು ನನ್ನ ಹೆಸ್ರಲ್ಲಿ ಹಿಡಿದ ಟ್ಯಾಕ್ಸ್ ತೋರ್ಸೋ 26ಎಎಸ್‌ನಲ್ಲೂ ಕಾಣ್ಲಿಲ್ಲ, ಕಾಣದಿದ್ದನ್ನ ರಿಟರ್ನಲ್ಲಿ ಹೇಗೆ ಕೇಳೋದು. 2023ರ ಏಪ್ರಿಲಿಂದ ಆ ರೇಟು 20% ಆಗಿದೆ, ಪರ್ವಾಗಿಲ್ಲ, ಆದ್ರೂ ತೆಗಿಯೋ ಮೊದ್ಲು ಪಿಎಫ್ ಪೋರ್ಟಲಲ್ಲಿ ಪ್ಯಾನ್ ವೆರಿಫೈಡ್ ಅಂತ ಇದ್ಯಾ ನೋಡ್ಕೊಳ್ಳಿ, ಆಧಾರಿಗೆ ಲಿಂಕ್ ಆಗಿದ್ಯಾ ಅದನ್ನೂ.

ಎಲ್ರೂ 15ಜಿ ಅಂತ ಕರೆಯೋ ಫಾರ್ಮ್ ಕೊಟ್ರೆ ಟಿಡಿಎಸ್ ಹಿಡಿಯಲ್ಲ ನಿಜ, ಆದ್ರೆ ಅದು ಆ ವರ್ಷದ ಟ್ಯಾಕ್ಸ್ ಸೊನ್ನೆ ಆಗೋರಿಗೆ ಮಾತ್ರ. ಸೈಬರ್ ಸೆಂಟರಲ್ಲಿ ಕೂತೋರು ಎಲ್ರಿಗೂ ಒಂದೇ ತರ ತುಂಬಿ ಕೊಡ್ತಾರೆ, ಸುಳ್ಳು ಡಿಕ್ಲರೇಷನ್ ಆದ್ರೆ ಸಿಕ್ಕಿಬೀಳೋದು ನೀವು, ಅವ್ರಲ್ಲ. ಇನ್ನು ಕಾಯಿಲೆ ಬಿದ್ದು ಕೆಲ್ಸ ಹೋದ್ರೆ, ಕಂಪನಿನೇ ಬಾಗ್ಲು ಹಾಕಿದ್ರೆ ಐದು ವರ್ಷ ಆಗದಿದ್ರೂ ಟ್ಯಾಕ್ಸ್ ಇಲ್ಲ, ಭದ್ರಾವತಿ ಕಡೆಯೋರಿಗೆ ಇದು ನೆನಪಿರ್ಲಿ, ಕಾಗದ ಪತ್ರ ಮಾತ್ರ ಜೋಪಾನ.

ತೋಟ ಇದ್ದೋರು ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಅಡಿಕೆ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ನಾವೆಲ್ಲ ಎದೆ ಉಬ್ಬಿಸ್ಕೊಂಡು ಓಡಾಡ್ತೀವಿ, ಆದ್ರೆ ಕೃಷಿ ಆದಾಯ 5,000 ಮೀರಿ, ಉಳಿದ ಆದಾಯನೂ ವಿನಾಯಿತಿ ಮಿತಿ ದಾಟಿದ್ರೆ, ಸ್ಲ್ಯಾಬ್ ಲೆಕ್ಕ ಹಾಕೋಕೆ ಅದನ್ನೂ ಸೇರಿಸ್ತಾರೆ. 2025-26ರ ಹೊಸ ರಿಜೀಮಲ್ಲೇ ನೋಡಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 11 ಲಕ್ಷ, ಅಡಿಕೆ 5 ಲಕ್ಷ. 16 ಲಕ್ಷಕ್ಕೆ ಟ್ಯಾಕ್ಸ್ 1,20,000, ಅದ್ರಲ್ಲಿ 9 ಲಕ್ಷದ (ಅಡಿಕೆಯ 5 + ವಿನಾಯಿತಿಯ 4) ಟ್ಯಾಕ್ಸ್ 30,000 ಕಳೆದ್ರೆ 90,000, ರಿಬೇಟ್ ಸಿಗೋದು 60,000ದವರೆಗೆ, ಬಾಕಿ 30,000 ಮತ್ತೆ ಸೆಸ್ ಕಟ್ಲೇಬೇಕು. 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತ ಯಾರೋ ಹೇಳಿದ್ದು ಇವರಿಗೆ ನಡಿಯಲ್ಲ. ಇದ್ರ ಮೇಲೆ ಪಿಎಫಿನ 21,600 ಬಿದ್ರೆ ಅದು 20%ದ ಸ್ಲ್ಯಾಬಿಗೆ ಹೋಗ್ತದೆ, 4,320 ಪ್ಲಸ್ ಸೆಸ್. ಟ್ರಾನ್ಸ್‌ಫರ್ ಮಾಡಿದ್ರೆ ಈ ಲೆಕ್ಕದಲ್ಲಿ ಅದು ಬರೋದೇ ಇಲ್ಲ.

ಟ್ರಾನ್ಸ್‌ಫರ್ ಮಾಡೋದು ಹೇಗೆ. ಯುಎಎನ್ (ಪಿಎಫಿನ ಕಾಯಂ ನಂಬರ್) ಒಂದೇ ಇದ್ರೆ ದುಡ್ಡೂ ಒಂದೇ ಕಡೆ ಇದೆ ಅಂತಲ್ಲ, ಒಂದು ಯುಎಎನ್ ಒಳಗೆ ಕಂಪನಿಗೊಂದು ಮೆಂಬರ್ ಐಡಿ ಇರ್ತದೆ, ಪಾಸ್‌ಬುಕ್ಕೂ ಬೇರೆ ಬೇರೆ. ಪೋರ್ಟಲಿಗೆ ಹೋಗಿ ಮೊದ್ಲು ಆಧಾರ್, ಪ್ಯಾನ್, ಬ್ಯಾಂಕ್ ಮೂರೂ ಸರಿ ಇದ್ಯಾ ನೋಡಿ. ನಮ್ಮ ಕಡೆ ದೊಡ್ಡ ರಗಳೆ ಇನಿಷಿಯಲ್‌ದು, ಆಧಾರಲ್ಲಿ ಊರಿನ ಅಕ್ಷರ ಅಪ್ಪನ ಅಕ್ಷರ ಹಿಂದೆ, ಪ್ಯಾನಲ್ಲಿ ಅಪ್ಪನ ಪೂರ್ತಿ ಹೆಸ್ರು, ಪಿಎಫಲ್ಲಿ ಬರೀ ಹೆಸ್ರು, ಹೀಗೆ ಮೂರು ತರ ಇದ್ರೆ ಮುಂದೆ ಹೋಗಲ್ಲ, ಮೊದ್ಲು ಅದನ್ನ ಸರಿ ಮಾಡ್ಸಿ. ಆಮೇಲೆ ಹಳೇ ಕಂಪನಿ ಬಿಟ್ಟ ತಾರೀಕು ಬಿದ್ದಿದ್ಯಾ ನೋಡಿ, ಅವ್ರು ಹಾಕಿಲ್ದಿದ್ರೆ ಕೊನೇ ಕಂತು ಬಂದು ಎರಡು ತಿಂಗಳಾದ ಮೇಲೆ ನೀವೇ ಹಾಕ್ಬಹುದು. ಅಷ್ಟಾದ್ರೆ ಆನ್‌ಲೈನ್ ಸರ್ವಿಸಸ್ ಒಳಗೆ ವನ್ ಮೆಂಬರ್ ವನ್ ಇಪಿಎಫ್ ಅಕೌಂಟ್ ಅಂತ ಇದೆ, ಹಳೇ ಐಡಿ ಆರಿಸಿ ಓಟಿಪಿ ಕೊಟ್ರೆ ಮುಗೀತು. ಕೆಲವರದು ಹೊಸ ಕಂಪನಿ ಮೊದಲ ಕಂತು ಹಾಕ್ತಿದ್ದ ಹಾಗೆ ತಾನೇ ದಾಟಿರ್ತದೆ, ಪಾಸ್‌ಬುಕ್ ನೋಡದೆ ನಂಬ್ಬೇಡಿ. ಹಳೇ ಕಂಪನಿ ಪಿಎಫ್ ಸ್ವಂತ ಟ್ರಸ್ಟಲ್ಲಿದ್ರೆ ಅನೆಕ್ಸರ್ ಕೆ (ಸರ್ವಿಸ್, ದುಡ್ಡಿನ ಲೆಕ್ಕದ ಕಾಗದ) ಕೇಳಿ ತಗೊಳ್ಳಿ. ಪೆನ್ಷನ್ ದುಡ್ಡು ಹೊಸ ಪಾಸ್‌ಬುಕ್ಕಲ್ಲಿ ಕಾಣಲ್ಲ ಅಂತ ಗಾಬರಿ ಆಗ್ಬೇಡಿ, ಅದ್ರಲ್ಲಿ ದಾಟೋದು ಸರ್ವಿಸ್, ಹತ್ತು ವರ್ಷ ತುಂಬಿದ್ರೆ 58ಕ್ಕೆ ಪೆನ್ಷನ್.

ಹಾಗೇ ಬಿಟ್ರೆ ಏನಾಗ್ತದೆ ಅಂತ ಕೇಳ್ತಾರೆ. ಬಡ್ಡಿ ಬರ್ತಿರ್ತದೆ, ಆದ್ರೆ ಕೆಲ್ಸ ಬಿಟ್ಟ ಮೇಲೆ ಬರೋ ಬಡ್ಡಿಗೆ ಟ್ಯಾಕ್ಸ್ ಉಂಟು ಅಂತ ಬೆಂಗಳೂರಿನ ಇನ್ಕಮ್ ಟ್ಯಾಕ್ಸ್ ಟ್ರಿಬ್ಯುನಲ್ 2017ರಲ್ಲೇ ಹೇಳಿದೆ.

ಪಿಎಫಿಂದ ಸರ್ಕಾರದ ಪೆನ್ಷನ್ ಉಳಿತಾಯದ ಯೋಜನೆ ಎನ್‌ಪಿಎಸ್‌ಗೂ ದಾಟಿಸ್ಬಹುದು, ಪೂರ್ತಿ ಬ್ಯಾಲೆನ್ಸ್ ನೇರವಾಗಿ ಟಿಯರ್ ಒಂದಕ್ಕೆ (ಅದರ ಮುಖ್ಯ ಪೆನ್ಷನ್ ಖಾತೆ) ಹೋಗ್ಬೇಕು, ಟ್ಯಾಕ್ಸ್ ಇಲ್ಲ, ಆದ್ರೆ ಅದನ್ನ ಈ ವರ್ಷದ ಹೂಡಿಕೆ ಅಂತ ತೋರ್ಸಿ ಡಿಡಕ್ಷನ್ ಕೇಳೋ ಹಾಗಿಲ್ಲ. ನಾನಂತೂ ಮಾಡ್ಸಲ್ಲ, ಐದು ವರ್ಷ ದಾಟಿದ ಪಿಎಫ್ ಇಡಿಯಾಗಿ ಟ್ಯಾಕ್ಸ್ ಫ್ರೀ ಕೈಗೆ ಬರ್ತದೆ, ಎನ್‌ಪಿಎಸ್‌ನಲ್ಲಿ ಒಂದು ಪಾಲು ಆನ್ಯುಟಿಗೆ (ಪೆನ್ಷನ್ ಕೊಡೋ ಪಾಲಿಸಿ) ಹೋಗಿ ಆ ಪೆನ್ಷನ್‌ಗೆ ಪ್ರತಿ ವರ್ಷ ಟ್ಯಾಕ್ಸ್. ಪಿಪಿಎಫ್ ಪೋಸ್ಟ್ ಆಫೀಸಿಂದ ಬ್ಯಾಂಕಿಗೆ ಹಾಕ್ಸೋರು ಟ್ರಾನ್ಸ್‌ಫರ್ ಅರ್ಜಿನೇ ಕೊಡಿ, ಹಳೇ ಖಾತೆನೇ ಮುಂದುವರಿತದೆ, 15 ವರ್ಷದ ಲೆಕ್ಕ ಹೊಸದಾಗಿ ಶುರು ಆಗಲ್ಲ.

ಅಮೆರಿಕದಲ್ಲಿ ಮಕ್ಕಳಿರೋ ಮನೆಯೋರೂ ಕೇಳ್ತಾರೆ. ಅಲ್ಲೂ ಇದೇ ಕಥೆ, 401ಕೆ (ಕಂಪನಿ ಮೂಲಕದ ನಿವೃತ್ತಿ ಖಾತೆ) ದುಡ್ಡು ನೇರ ಸ್ವಂತ ನಿವೃತ್ತಿ ಖಾತೆ ಐಆರ್‌ಎಗೆ ಹೋದ್ರೆ ಟ್ಯಾಕ್ಸ್ ಇಲ್ಲ, ಚೆಕ್ ಇವರ ಹೆಸ್ರಿಗೇ ಬಂದ್ರೆ 20% ಹಿಡ್ಕೊಂಡೇ ಕೊಡ್ತಾರೆ, 60 ದಿನದೊಳಗೆ ಆ 20% ಕೈಯಿಂದ ಹಾಕಿ ಪೂರ್ತಿ ತುಂಬದಿದ್ರೆ ತುಂಬದ ಭಾಗಕ್ಕೆ ಟ್ಯಾಕ್ಸ್. ಸಾದಾ ಐಆರ್‌ಎಯಿಂದ ರಾತ್‌ಗೆ (ಮೊದ್ಲೇ ಟ್ಯಾಕ್ಸ್ ಕಟ್ಟಿದ ದುಡ್ಡಿನ ಖಾತೆ) ಹಾಕಿದ್ರೆ ಮಾತ್ರ ಆ ವರ್ಷನೇ ಟ್ಯಾಕ್ಸ್.

ಅಂದಹಾಗೆ 2026ರ ಏಪ್ರಿಲ್ 1ರಿಂದ ಹೊಸ ಇನ್ಕಮ್ ಟ್ಯಾಕ್ಸ್ ಕಾಯ್ದೆ, ಸೆಕ್ಷನ್ ನಂಬರೆಲ್ಲ ಬದಲು, ಹಳೇ ನಂಬರ್ ಹಿಡ್ಕೊಂಡು ಆಡಿಟರ್ ಹತ್ರ ವಾದ ಮಾಡ್ಬೇಡಿ.

ನಮ್ಮ ಹುಡುಗ ನಿನ್ನೆ ಪಾಸ್‌ಬುಕ್ ಸ್ಕ್ರೀನ್‌ಶಾಟ್ ಕಳ್ಸಿದ್ದ, ಹಳೇ ಐಡಿಲಿ ಸೊನ್ನೆ, ಹೊಸದ್ರಲ್ಲಿ 72 ಸಾವಿರ ಬಂದು ಕೂತಿದೆ. ಕೆಳಗೆ ಒಂದು ಮೆಸೇಜ್, "ಮಾವ, ಬೈಕಿಗೆ ಡೌನ್ ಪೇಮೆಂಟ್ ನೀವೇ ಕೊಡ್ತೀರಲ್ಲ?"